ಅಡುಗೆಯವನು ನೆಲಮಾಳಿಗೆಯಲ್ಲಿದ್ದಾನೆ

ಪುಸ್ತಕ ಒಂದು ಬೆರಳಿನಷ್ಟು ದಪ್ಪ ಉಳಿದಾಗಲೇ ಓದಕ್ಕನಿಗೆ ಸಂಕಟ ಶುರುವಾಗಿತ್ತು. ಆಮೇಲೆ ಅದು ಅರ್ಧ ಬೆರಳಾಯಿತು. ಎಡಗಡೆಯ ಪುಟಗಳು ಕೊಬ್ಬುತ್ತ ಬಲಗಡೆಯವು ಸೊರಗುತ್ತ ಹೋಗುವುದನ್ನು ಕಂಡರೆ ಬೇರೆಯವರಿಗೆ ಖುಷಿಯಾಗುತ್ತದೆ, ಇಷ್ಟು ದೊಡ್ಡ ಕಥೆ ಅಂತೂ ದಡ ಸೇರಿತಲ್ಲ ಎಂದು. ಇವಳಿಗೆ ಮಾತ್ರ ಆ ಸೊರಗಿದ ಕಟ್ಟು ಕಂಡಾಗಲೆಲ್ಲ ಇದು ಪುಸ್ತಕವಲ್ಲ, ತನ್ನ ಅನ್ನ ಎನಿಸುತ್ತಿತ್ತು.

ವಿಗ್ ಕೋಣೆಯಲ್ಲಿ ಅವಳ ಕೆಲಸ ಓದುವುದು, ಅದಕ್ಕೇ ಓದಕ್ಕ. ಸಂಬಳ ತೆಗೆದುಕೊಂಡು ಕಥೆ ಓದುವ ಕೆಲಸವೂ ಉಂಟೇ ಎಂದು ಮೂಗಿನ ಮೇಲೆ ಬೆರಳಿಡುವವರಿಗೆ ಉತ್ತರ: ಉಂಟು, ಆ ಕೋಣೆಯಲ್ಲಿ ಉಂಟು. ವಿಗ್ ಕಟ್ಟುವುದು ಸದ್ದಿಲ್ಲದ ಕೆಲಸ. ಮರದ ತಲೆಯ ಮೇಲೆ ತೆಳುವಾದ ಬಲೆ ಬಿಗಿದು, ಕೊಕ್ಕೆಸೂಜಿಯ ತುದಿಗೆ ಒಂದೋ ಎರಡೋ ಕೂದಲು ಸಿಕ್ಕಿಸಿ, ಬಲೆಯ ಕಣ್ಣು ಕಣ್ಣಿಗೂ ಗಂಟು ಹಾಕುತ್ತ ಹೋಗಬೇಕು. ದೃಷ್ಟಿ ಬಲೆಯಿಂದ ಕದಲುವಂತಿಲ್ಲ, ಕೈ ಅಲುಗುವಂತಿಲ್ಲ. ಬಿಡುವಾಗಿರುವುದು ಕಿವಿ ಒಂದೇ. ಬಿಡುವಾದ ಕಿವಿ ಸುಮ್ಮನಿರುತ್ತದೆಯೇ? ಹಿಂದೆ ಅದಕ್ಕೆ ಕಂಡವರ ಮನೆಯ ಸುದ್ದಿಯೇ ಮೇವು. ಸುದ್ದಿ ಚಾಡಿಯಾಗಿ, ಚಾಡಿ ಜಗಳವಾಗಿ, ಒಬ್ಬಳು ಇನ್ನೊಬ್ಬಳ ಮರದ ತಲೆಯನ್ನು ಕಿಟಕಿಯಿಂದಾಚೆ ಎಸೆದು, ಅದು ಕೆಳಗೆ ನಿಂತಿದ್ದ ಪೋಸ್ಟ್‌ಮ್ಯಾನಿನ ಸೈಕಲ್ಲಿನ ಮೇಲೆ ಬಿದ್ದು ರಂಪವಾಯಿತು. ಮರುದಿನ ದೊಡ್ಡಮ್ಮ ಒಂದು ದಪ್ಪ ಪುಸ್ತಕ ತಂದು ಮೇಜಿನ ಮೇಲೆ ಕುಕ್ಕಿದರು. ದೊಡ್ಡಮ್ಮ ಎಂದರೆ ಅಲ್ಲಿನ ಹಿರಿಯ ಕೆಲಸಗಾರ್ತಿ. ಸಂಬಂಧದಲ್ಲಿ ಯಾರಿಗೂ ದೊಡ್ಡಮ್ಮನಲ್ಲ, ಕೂಗುವುದಕ್ಕೆ ಎಲ್ಲರಿಗೂ ದೊಡ್ಡಮ್ಮ.

"ಇನ್ಮೇಲೆ ಯಾರ ಮನೆ ಸುದ್ದೀನೂ ಬೇಡ. ಇದರಲ್ಲಿ ಬೇಕಾದಷ್ಟು ಮನೆ ಇವೆ," ಎಂದಿದ್ದರು.

ಅದು 'ಉಪ್ಪುಕೋಟೆ'ಯ ಮೊದಲ ಸಂಪುಟ. ಒಟ್ಟು ಒಂಬತ್ತು. ಸಮುದ್ರದ ಅಂಚಿನಲ್ಲಿ ಉಪ್ಪಿನ ಗಡ್ಡೆಗಳಿಂದ ಕಟ್ಟಿದ ಒಂದು ಕೋಟೆ. ಪ್ರತಿ ಮಳೆಗಾಲದಲ್ಲೂ ಅದರ ಒಂದು ಗೋಡೆ ಕರಗುತ್ತದೆ. ಬೀಗ ಮಾಡುವವನ ಮಗಳೊಬ್ಬಳು ಕೋಟೆಯ ಬಾಗಿಲುಗಳಿಗೆಲ್ಲ ಕೀಲಿಗಾತಿಯಾಗಿ ಬರುತ್ತಾಳೆ. ಮೂರು ನೆರಳಿರುವ ಒಬ್ಬ ಮಂತ್ರವಾದಿ ಅವಳ ಕೀಲಿಗೊಂಚಲಿಗಾಗಿ ಒಂಬತ್ತು ಸಂಪುಟದುದ್ದಕ್ಕೂ ಹೊಂಚು ಹಾಕುತ್ತಾನೆ. ಹೀಗೆ ಹೇಳಿದರೆ ಕಾಗಕ್ಕ ಗುಬ್ಬಕ್ಕನ ಕಥೆಯಂತೆ ಕೇಳಿಸಬಹುದು. ಆದರೆ ಆ ಕೋಣೆಯಲ್ಲಿ ಎರಡನೇ ಸಂಪುಟದ ಪ್ರವಾಹ ಬಂದ ದಿನ ಯಾರೂ ಊಟದ ಡಬ್ಬಿ ಬಿಚ್ಚಿರಲಿಲ್ಲ.

ಓದಿಗೆ ಎರಡು ಕಟ್ಟಳೆಗಳಿದ್ದವು. ಓದುವವಳು ಸೂಜಿ ಹಿಡಿಯಬೇಕಾಗಿಲ್ಲ, ಅವಳ ಪಾಲಿನ ಗಂಟುಗಳನ್ನು ಉಳಿದವರು ಒಂದಿಷ್ಟು ಸಾಲು ಹೆಚ್ಚಿಗೆ ಕಟ್ಟಿ ತುಂಬಿಸುತ್ತಾರೆ. ಅದಕ್ಕೆ 'ಓದಿನ ಪಾಲು' ಎಂದು ಹೆಸರು. ಇನ್ನೊಂದು ಕಟ್ಟಳೆ, ಪುಸ್ತಕ ಕೋಣೆ ಬಿಟ್ಟು ಹೋಗಬಾರದು. ಯಾರೂ ಮುಂದೆ ಓದಬಾರದು, ಓದುವವಳೂ ಸಹ. ಎಲ್ಲರಿಗೂ ಒಟ್ಟಿಗೇ ಗೊತ್ತಾಗಬೇಕು. ಮೆಣಸಿನಕಾಯಿ ಎಂದು ಕರೆಸಿಕೊಳ್ಳುವ ಕಿರಿಯ ಹುಡುಗಿ ಒಮ್ಮೆ ಊಟದ ಹೊತ್ತಿನಲ್ಲಿ ಮುಂದಿನ ಪುಟ ಇಣುಕಿ ನೋಡಿದ್ದಕ್ಕೆ ದೊಡ್ಡಮ್ಮ ವಾರವಿಡೀ ಅವಳೊಂದಿಗೆ ಮಾತು ಬಿಟ್ಟಿದ್ದರು.

ಮೊದಮೊದಲು ಸರದಿಯ ಮೇಲೆ ಓದುತ್ತಿದ್ದರು. ಒಬ್ಬಳದು ರೈಲಿನ ವೇಗ, ಇನ್ನೊಬ್ಬಳು ಯುದ್ಧವನ್ನೂ ಮದುವೆಯನ್ನೂ ಒಂದೇ ರಾಗದಲ್ಲಿ ಓದುವಳು. ಇವಳು ಓದಿದ ದಿನ ಮಾತ್ರ ಕಥೆಯೊಳಗಿನ ಕೋಟೆ ಬಾಗಿಲ ಕೀಲು ಕಿರುಗುಟ್ಟಿದ್ದೂ ಕೇಳುತ್ತಿತ್ತು. ಎರಡನೇ ಸಂಪುಟ ಮುಗಿಯುವಷ್ಟರಲ್ಲಿ ಸರದಿ ತಪ್ಪಿ, ಓದು ಪೂರ್ತಿ ಇವಳದೇ ಆಯಿತು.

ಮೂರನೇ ಸಂಪುಟದಲ್ಲಿ ಇವಳ ಬಲಗೈಯ ಹೆಬ್ಬೆರಳು ನಡುಗತೊಡಗಿತು.

ನಡುಕ ದೊಡ್ಡದೇನಲ್ಲ. ಪುಸ್ತಕ ಹಿಡಿಯಬಹುದು, ಕೊಡ ಎತ್ತಬಹುದು, ಚಪ್ಪಾಳೆ ತಟ್ಟಬಹುದು. ಆದರೆ ಒಂದು ಕೂದಲನ್ನು ಬಲೆಯ ಒಂದು ಕಣ್ಣಿನಲ್ಲಿ ತೂರಿಸಿ ಗಂಟು ಹಾಕು ಎಂದರೆ, ಹೆಬ್ಬೆರಳೂ ತೋರುಬೆರಳೂ ಜಗಳವಾಡಿದ ಸವತಿಯರಂತೆ ಒಂದು ಕಡೆ ಸೇರುವುದೇ ಇಲ್ಲ. ಡಾಕ್ಟರು ನರದ ಹೆಸರೊಂದನ್ನು ಹೇಳಿ, ಗುಳಿಗೆ ಬರೆದುಕೊಟ್ಟು, "ಸೂಕ್ಷ್ಮ ಕೆಲಸ ಬಿಟ್ಟುಬಿಡಿ" ಎಂದರು. ಸೂಕ್ಷ್ಮ ಕೆಲಸ ಬಿಟ್ಟರೆ ಇವಳಿಗೆ ಗೊತ್ತಿದ್ದದ್ದು ಏನು? ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಪ್ರಸಂಗವೂ ಬರಲಿಲ್ಲ. ಸೂಜಿ ಹಿಡಿದರೆ ತಾನೇ ನಡುಗುವುದು ಕಾಣುವುದು? ಉಪ್ಪುಕೋಟೆ ಅವಳನ್ನು ತನ್ನ ಗೋಡೆಗಳೊಳಗೆ ಬಚ್ಚಿಟ್ಟುಕೊಂಡಿತ್ತು.

ಈಗ ಗೋಡೆ ಕರಗುತ್ತ ಬಂದಿತ್ತು.

ಒಂಬತ್ತನೇ ಸಂಪುಟ ಅರ್ಧ ಬೆರಳು ಉಳಿದಿದ್ದಾಗ ಒಂದು ಬೆಳಗ್ಗೆ ಮೇಡಂ ಬಂದರು. ಕಾರ್ಖಾನೆಯ ಒಡತಿ. ಕೆಟ್ಟವರಲ್ಲ, ಅವಸರದವರು. ನಿಂತಲ್ಲಿ ನಿಲ್ಲದೆ ಮಾತಾಡುವುದು ಅವರ ಅಭ್ಯಾಸ.

"ನಾಟಕದವರದ್ದೂ ಆಸ್ಪತ್ರೆಯವರದ್ದೂ ಒಟ್ಟಿಗೇ ಆರ್ಡರ್ ಬಂದಿದೆ. ಕೈ ಸಾಲಲ್ಲ. ಓದಕ್ಕ, ನಿಮ್ಮ ಪುಸ್ತಕ ಇನ್ನೆಷ್ಟಿದೆ?"

"ಸ್ವಲ್ಪ ಇದೆ ಮೇಡಂ."

"ಮುಗಿಸಿಬಿಡಿ. ಮುಗಿದ ಮೇಲೆ ನೀವೂ ಒಂದು ತಲೆ ತಗೊಂಡು ಕೂತ್ಕೊಳ್ಳಿ. ನಿಮ್ಮ ಕೈ ಎಷ್ಟು ಚೆನ್ನಾಗಿತ್ತು, ಹಾಳು ಮಾಡ್ಕೋಬೇಡಿ. ಕಥೆಗೇನು, ಒಂದು ಸ್ಪೀಕರ್ ಇಟ್ಟರಾಯ್ತು. ಫೋನಿನಲ್ಲಿ ಬೇಕಾದಷ್ಟು ಕಥೆ ಸಿಗುತ್ತೆ, ಅದೇ ಓದ್ಕೊಳ್ಳುತ್ತೆ."

ಮೇಡಂ ಆಡಿದ್ದು ಹೊಗಳಿಕೆಯ ಮಾತು. ಕೇಳಿದವಳು ಮಾತ್ರ ಬಲಗೈಯನ್ನು ಪುಸ್ತಕದ ಅಡಿಗೆ ಸರಿಸಿಕೊಂಡಳು. ಮೇಡಂ ಹೋದ ಮೇಲೆ ಅವಳು ಓದಿದ ಪುಟದಲ್ಲಿ ಮಂತ್ರವಾದಿ ಸತ್ತ. ಒಂಬತ್ತು ಸಂಪುಟ ಕಾದಿದ್ದ ಸಾವು. ಹೆಂಗಸರು "ಅಬ್ಬಾ" ಎಂದು ಉಸಿರು ಬಿಟ್ಟರು, ಮೆಣಸಿನಕಾಯಿ ಸೂಜಿ ಬಿಟ್ಟು ಚಪ್ಪಾಳೆ ತಟ್ಟಿದಳು. ಓದಿದವಳಿಗೆ ಅಯ್ಯೋ ಪಾಪ ಎನಿಸಿತು. ಇನ್ನೊಂದಿಷ್ಟು ದಿನ ಬದುಕಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಆ ಶನಿವಾರ ಅವಳು ಕಟ್ಟಳೆ ಮುರಿದಳು. ಎಲ್ಲರೂ ಏಪ್ರನ್ ಬಿಚ್ಚುವ ಗದ್ದಲದಲ್ಲಿ ಪುಸ್ತಕವನ್ನು ಚೀಲಕ್ಕೆ ಇಳಿಸಿ, ಮೇಲೆ ಊಟದ ಡಬ್ಬಿ ಇಟ್ಟಳು. ಕೊನೆಯನ್ನು ಮೊದಲೇ ನೋಡಿಕೊಂಡರೆ, ಎಲ್ಲಿ ನಿಧಾನಿಸಬಹುದು, ಎಲ್ಲಿ ಎಳೆಯಬಹುದು ಎಂದು ತಿಳಿದೀತು ಎಂಬುದು ಅವಳ ಲೆಕ್ಕಾಚಾರ. ಬಸ್ಸಿನಲ್ಲಿ ಚೀಲವನ್ನು ಎದೆಗವುಚಿ ಕೂತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ ಅವಳದು. ಕಂಡಕ್ಟರ್ ಟಿಕೆಟ್ ಕೇಳಿದಾಗ ಚೀಲ ತೆರೆಯಲು ಹೋಗಿ ಬೆವತಳು.

ಭಾನುವಾರ ಮಧ್ಯಾಹ್ನ ಗಂಡ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವನು ವ್ಯಾನ್ ಓಡಿಸುವವನು, ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವುದು ಅವನನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಅಡುಗೆಮನೆಯ ಮೇಜಿನ ಮುಂದೆ ಕೂತು ಅವಳು ಮೊದಲ ಬಾರಿಗೆ ಉಪ್ಪುಕೋಟೆಯನ್ನು ತುಟಿ ಅಲುಗಿಸದೆ ಓದಿದಳು. ಅದೊಂದು ಕಳ್ಳತನದ ಹಾಗೆಯೇ ಇತ್ತು, ಕೋಣೆಯ ಎಂಟು ಜನರ ಪಾಲನ್ನು ಒಬ್ಬಳೇ ಕೂತು ತಿಂದ ಹಾಗೆ.

ಕೊನೆಯಲ್ಲಿ ಕೀಲಿಗಾತಿ ಕೋಟೆಯ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಕೀಲಿಗೊಂಚಲನ್ನು ಸಮುದ್ರಕ್ಕೆ ಎಸೆಯುತ್ತಾಳೆ. ಮಳೆ ಬರುತ್ತದೆ. ಜನ ಒಂದೊಂದು ಉಪ್ಪಿನ ಹರಳು ಎತ್ತಿಕೊಂಡು ಹೊರಟುಹೋಗುತ್ತಾರೆ. ಕೋಟೆ ಕರಗುತ್ತದೆ. ಕೊನೆಯ ಸಾಲು ಹೀಗಿತ್ತು: 'ಅವಳ ಕೈ ಈಗ ಖಾಲಿಯಾಗಿತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ.' ಅದರ ಕೆಳಗೆ ಬಿಳಿ ಕಾಗದ.

ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟೇನಾ? ಒಂಬತ್ತು ಸಂಪುಟ ಬಾಗಿಲು ಕಾದವಳು ಅರ್ಧ ಪುಟದಲ್ಲಿ ಕೀಲಿ ಎಸೆದುಬಿಡುವುದೇ? ಬರೆದವರಿಗೇನು, ಬರೆದು ಕೈ ತೊಳೆದುಕೊಂಡರು. ಒಳಗೆ ವಾಸವಿದ್ದವರ ಗತಿ? ತನ್ನ ತಾಯಿ ತೀರಿಕೊಂಡದ್ದು ನಾಲ್ಕನೇ ಸಂಪುಟದಲ್ಲಿ, ದೋಣಿಯವನ ನಾಲಿಗೆಯನ್ನು ಮಂತ್ರವಾದಿ ಕಿತ್ತುಕೊಂಡ ವಾರ. ತಂಗಿಗೆ ಮಗುವಾದದ್ದು ಆರರಲ್ಲಿ. ಈ ಮನೆಗೆ ಬಂದದ್ದು ಐದು ಮುಗಿಯುವಾಗ. ಹಿಂತಿರುಗಿ ನೋಡಿದರೆ ಅವಳ ಬದುಕು ಕ್ಯಾಲೆಂಡರಿನಲ್ಲಿ ಇರಲಿಲ್ಲ, ಆ ಕಪಾಟಿನ ಸಾಲಿನಲ್ಲಿತ್ತು. ಪುಸ್ತಕ ಮುಗಿದಾಗ ಹೊಳೆಯುವ ಮೊದಲ ಯೋಚನೆ ಕಥೆಯದ್ದಲ್ಲ, ಓದುತ್ತಿದ್ದ ತನ್ನದು. ಅಲ್ಲಿದ್ದವಳು ಈಗ ಎಲ್ಲಿ ಇರಬೇಕು? ನಾಳೆ ಬೆಳಗ್ಗೆ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು?

ಇನ್ನೊಂದೂ ಇತ್ತು. ಅಡುಗೆಯವನು! ಏಳನೇ ಸಂಪುಟದಲ್ಲಿ ಕೋಟೆಯ ಅಡುಗೆಯವನು ಎಣ್ಣೆ ತರಲು ನೆಲಮಾಳಿಗೆಗೆ ಇಳಿದಿದ್ದ. ಇಳಿದವನು ಮೇಲೆ ಬರಲೇ ಇಲ್ಲ. ಬರೆದವರು ಅವನನ್ನು ಮರೆತೇಬಿಟ್ಟಿದ್ದರು. "ಅಡುಗೆಯವನು ಬಂದ್ನಾ?" ಎಂದು ದೊಡ್ಡಮ್ಮ ಎರಡು ಸಂಪುಟಗಳಿಂದ ಕೇಳುತ್ತಲೇ ಇದ್ದರು. ಕೊನೆಯವರೆಗೆ ಓದಿ ನೋಡಿದರೆ ಎಲ್ಲೂ ಇಲ್ಲ. ಕೋಟೆ ಅವನ ತಲೆಯ ಮೇಲೇ ಕರಗಿತ್ತು.

ಮೂಗು ಒರೆಸಿಕೊಳ್ಳುವ ಸದ್ದಿಗೆ ಗಂಡ ಎದ್ದು ಬಂದ. "ಯಾರು ಹೋದ್ರು?" ಎಂದು ಗಾಬರಿಯಿಂದ ಕೇಳಿದ.

"ಯಾರೂ ಹೋಗಿಲ್ಲ. ಕೋಟೆ ಕರಗಿಹೋಯ್ತು."

"ಯಾವ ಕೋಟೆ? ನಮಗೇನಾದ್ರೂ ಅದರಲ್ಲಿ ಪಾಲಿತ್ತಾ?"

ಅವಳಿಗೆ ನಗು ಬಂತು, ನಗುತ್ತಲೇ ಇನ್ನಷ್ಟು ಅಳು ಬಂತು. ಅವನು ನೀರು ತಂದುಕೊಟ್ಟ. ಅವಳು ಎದ್ದು ಗುಂಡಿ ಡಬ್ಬಿಯಿಂದ ತನ್ನ ಹಳೆಯ ಕೊಕ್ಕೆಸೂಜಿಯನ್ನು ಹುಡುಕಿ ತೆಗೆದಳು. ತನ್ನದೇ ತಲೆಯ ಒಂದು ಕೂದಲು ಕಿತ್ತು, ಚಹಾ ಸೋಸುವ ಜರಡಿಯ ಒಂದು ಕಣ್ಣಿಗೆ ಗಂಟು ಹಾಕಲು ನೋಡಿದಳು. ಸೂಜಿಯ ತುದಿ ಜರಡಿಗೆ ತಾಗಿ ಟಿಕಟಿಕ ಎನ್ನತೊಡಗಿತು. ಕೂದಲು ಜಾರಿ ಬಿತ್ತು. ಮತ್ತೊಂದು ಕಿತ್ತಳು. ಅದೂ ಬಿತ್ತು.

"ಹೇಳಿಬಿಡು ಅವರಿಗೆ," ಎಂದ ಗಂಡ.

"ಹೇಳಿದ್ರೆ?"

"ಹೇಳಿದ್ರೆ ಗೊತ್ತಾಗುತ್ತೆ."

"ಗೊತ್ತಾದ್ರೆ?"

ಅವನು ಜರಡಿಯನ್ನು ತೆಗೆದುಕೊಂಡು ತೊಳೆದಿಟ್ಟ.

ಸೋಮವಾರ ಎಲ್ಲರಿಗಿಂತ ಮುಂಚೆ ಹೋಗಿ ಪುಸ್ತಕವನ್ನು ಕಪಾಟಿನಲ್ಲಿಟ್ಟಳು. ಓದು ಶುರುವಾಯಿತು. ಕೀಲಿಗಾತಿ ಬೆಳಗಿನ ಜಾವ ಏಳುವ ಕಡೆಗೆ ಬಂತು. ಮುಂದಿನ ಸಾಲಿನಲ್ಲಿ ಅವಳು ಸೊಂಟದ ಕೀಲಿಗೊಂಚಲು ಬಿಚ್ಚಬೇಕು. ಬಿಚ್ಚಿದರೆ ಆಯಿತು, ಮಧ್ಯಾಹ್ನದೊಳಗೆ ಕೋಟೆಯಿಲ್ಲ. ಓದಕ್ಕ ಆ ಸಾಲನ್ನು ನೋಡಿದಳು. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು.

"ಅಷ್ಟರಲ್ಲಿ ನೆಲಮಾಳಿಗೆಯ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆಯ ಸಪ್ಪಳ ಕೇಳಿಸಿತು. ಎಣ್ಣೆಯ ಡಬ್ಬ ಹೊತ್ತು, ಗಡ್ಡ ಮೊಣಕಾಲಿಗೆ ಇಳಿಬಿಟ್ಟುಕೊಂಡು, ಅಡುಗೆಯವನು ಬಾಗಿಲಲ್ಲಿ ನಿಂತಿದ್ದ."

ಎಂಟೂ ಸೂಜಿಗಳು ಒಮ್ಮೆಗೇ ನಿಂತವು.

"ಬಂದ್ನಾ?" ಎಂದರು ದೊಡ್ಡಮ್ಮ. "ಕೊನೆಗೂ ಬಂದ್ನಾ, ಅವನ ಮನೆ ಹಾಳಾಗ! ಎಲ್ಲಿ ಹೋಗಿದ್ದ ಇಷ್ಟು ದಿನ?"

ಎಲ್ಲಿ ಹೋಗಿದ್ದ ಎಂಬುದನ್ನು ಹೇಳಲು ಆ ದಿನ ಸಾಲಲಿಲ್ಲ, ಮರುದಿನವೂ ಸಾಲಲಿಲ್ಲ. ನೆಲಮಾಳಿಗೆಯ ಕೆಳಗೆ ಇನ್ನೊಂದು ನೆಲಮಾಳಿಗೆ ಇತ್ತು. ಅಲ್ಲಿ ಕರಗಿಹೋದ ಗೋಡೆಗಳೆಲ್ಲ ಕೆರೆಯಾಗಿ ನಿಂತಿದ್ದವು. ಕೆರೆಯ ದಡದಲ್ಲಿ ಮರೆತುಹೋದವರ ಒಂದು ಊರೇ ಇತ್ತು, ಅಡುಗೆಯವನು ಅವರಿಗೆಲ್ಲ ಬೇಯಿಸಿ ಹಾಕುತ್ತಿದ್ದ. ಓದಕ್ಕನಿಗೆ ತನ್ನೊಳಗೆ ಇಷ್ಟೆಲ್ಲ ಇತ್ತೇ ಎಂದು ಗಾಬರಿಯಾಯಿತು. ಹಳೆಯ ಸಂಪುಟಗಳಲ್ಲಿ ಅವಳು ಒಮ್ಮೆಯೂ ದಾರಿ ತಪ್ಪಿರಲಿಲ್ಲ, ದಾರಿ ಅಚ್ಚಾಗಿತ್ತು. ಈಗ ಹೆಜ್ಜೆ ಇಟ್ಟಲ್ಲೇ ದಾರಿ. ಪಾತ್ರೆ ತೊಳೆಯುತ್ತ, ಬಸ್ಸಿನಲ್ಲಿ ನೇತಾಡುತ್ತ ನಾಳೆಗೆ ಏನು ಎಂದು ಹೆಣೆಯುತ್ತಿದ್ದಳು. ತುಟಿ ಅಲುಗುವುದನ್ನು ಕಂಡು ಪಕ್ಕದ ಸೀಟಿನವರು ಜಾಗ ಬದಲಿಸಿದರು.

ಒಂದು ಸುಳ್ಳಿಗೆ ಕಾವಲು ನಿಲ್ಲಿಸಲು ನೂರು ಸುಳ್ಳು ಬೇಕು. ಆ ನೂರರಲ್ಲಿ ಒಂದು ಎಡವಿತು. ಬುಧವಾರ, ಕೆರೆ ದಾಟುವಾಗ, ದೋಣಿಯವನು ಗಂಟಲೆತ್ತಿ ಹಾಡಿದ ಎಂದುಬಿಟ್ಟಳು.

ಮೆಣಸಿನಕಾಯಿಯ ಸೂಜಿ ನಿಂತಿತು. "ಹಾಡಿದ್ನಾ? ಅವನ ನಾಲಿಗೆ ನಾಲ್ಕನೇದರಲ್ಲೇ ಹೋಯ್ತಲ್ಲ ಓದಕ್ಕ?"

ಓದಕ್ಕ ಪುಸ್ತಕವನ್ನು ಇನ್ನೂ ಮೇಲೆತ್ತಿ ಮುಖ ಮರೆಸಿಕೊಂಡಳು. "ಮೂಗಿನಲ್ಲಿ," ಎಂದಳು. "ಮೂಗಿನಲ್ಲೇ ಹಾಡಿದ ಅಂತ ಇದೆ."

ಕೋಣೆಯಲ್ಲಿ ನಗು ಎದ್ದಿತು. ಒಬ್ಬಳು ಮೂಗಿನಲ್ಲಿ ಗುನುಗಿಯೂ ತೋರಿಸಿದಳು. ದೊಡ್ಡಮ್ಮ ಮಾತ್ರ ನಗಲಿಲ್ಲ. ಊಟದ ಬಿಡುವಿನಲ್ಲಿ ನಲ್ಲಿಯ ಬಳಿ ಲೋಟ ತೊಳೆಯುತ್ತ, ಇವಳ ಕಡೆ ತಿರುಗದೆಯೇ ಹೇಳಿದರು: "ಪುಟ ಮಗುಚ್ತಾ ಓದು. ಸೋಮವಾರದಿಂದ ಪುಟದ ಸದ್ದೇ ಕೇಳ್ತಿಲ್ಲ."

ಇದು ಬುದ್ಧಿವಾದವೋ ಬೆದರಿಕೆಯೋ? ಓದಕ್ಕ ಉಣ್ಣದೆಯೇ ಡಬ್ಬಿ ಮುಚ್ಚಿದಳು. ಕಣ್ಣೆತ್ತದೆ ಕೆಲಸ ಮಾಡುವವರಿಗೆ ಕಿವಿಯೇ ಕಣ್ಣು ಎಂಬುದು ತನಗೆ ಹೇಗೆ ಮರೆತುಹೋಯಿತು? ದೊಡ್ಡಮ್ಮನಿಗೆ ಗೊತ್ತಾಗಿದೆ ಎಂದರೆ ಇನ್ನು ಯಾರ್ಯಾರಿಗೆ ಗೊತ್ತಾಗಿದೆ? ಕಟ್ಟಳೆ ಮುರಿದವಳು, ಮುಂದೆ ಓದಿದವಳು, ಮೇಲೆ ಸುಳ್ಳು ಓದುತ್ತಿರುವವಳು. ಇಣುಕಿದವಳಿಗೆ ಒಂದು ವಾರ ಮಾತಿಲ್ಲ, ಇಷ್ಟೆಲ್ಲ ಮಾಡಿದವಳಿಗೆ? ನೇರವಾಗಿ ಕೇಳುವ ಧೈರ್ಯವೂ ಇಲ್ಲ, ಸುಮ್ಮನಿರುವ ನೆಮ್ಮದಿಯೂ ಇಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಪಾಡು ಅವಳದಾಯಿತು.

ಮರುದಿನದಿಂದ ಪುಟ ಮಗುಚುತ್ತ ಓದಿದಳು. ಆದರೆ ಮಗುಚಲು ಪುಟಗಳಾದರೂ ಎಷ್ಟಿದ್ದವು? ಒಂದು ಸಲ ಎಡಕ್ಕೆ ಮಗುಚುವುದು, ಮೆಲ್ಲಗೆ ಸದ್ದಾಗದಂತೆ ಹಿಂದಕ್ಕೆ ತರುವುದು, ಮತ್ತೆ ಸದ್ದು ಮಾಡಿ ಎಡಕ್ಕೆ. ಅದೇ ಮೂರು ಹಾಳೆ ಮಗುಚಿ ಮಗುಚಿ ಅಂಚು ಮೆತ್ತಗಾಯಿತು.

ಶುಕ್ರವಾರ ಅಡುಗೆಯವನು ಮತ್ತೆ ಕೆಳಗಿಳಿದು, ಮರೆತುಹೋದವರೆಲ್ಲರನ್ನೂ ಮೇಲೆ ಕರೆತರಲು ಹೊರಟ. ಒಳಗಿನ ನೆಲಮಾಳಿಗೆಯ ಕೊನೆಯ ಬಾಗಿಲಿಗೆ ಅವನು ಇಳಿದ ಮೇಲೆ ಬೀಗ ಬಿದ್ದಿತ್ತು, ಕೀಲಿ ಮೇಲಿತ್ತು, ಕೆರೆಯ ನೀರು ಏರುತ್ತಿತ್ತು. ಅವನು ಸೌಟಿನಿಂದ ಬಾಗಿಲು ಬಡಿಯುತ್ತಿದ್ದ. ಅಷ್ಟರಲ್ಲಿ ಮೇಡಂ ಬಂದರು. ಒಂದು ಕೈಯಲ್ಲಿ ಬಲೆ ಬಿಗಿದ ಮರದ ತಲೆ, ಇನ್ನೊಂದರಲ್ಲಿ ಹೊಸ ಸ್ಪೀಕರಿನ ಪೆಟ್ಟಿಗೆ.

"ಇನ್ನೂ ಮುಗೀಲಿಲ್ವಾ?" ಎಂದು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡರು. ತೆರೆದಿದ್ದ ಪುಟ ನೋಡಿದರು. ಹಾಳೆ ತಿರುವಿ ನೋಡಿದರು, ಹಿಂದೆ ಬರೀ ರಟ್ಟು. "ಇದು ಕೊನೇ ಪುಟ ಅಲ್ವಾ?"

ಓದಕ್ಕ ಪುಸ್ತಕಕ್ಕೆ ಕೈ ಚಾಚಿದಳು.

"ಹಳೇದನ್ನೇ ಇನ್ನೊಂದು ಸಲ ಓದಿಸ್ತಾ ಇದ್ವಿ ಮೇಡಂ," ಎಂದಳು ಮೆಣಸಿನಕಾಯಿ, ಬಲೆಯಿಂದ ಕಣ್ಣು ಕೀಳದೆ. ಸುಳ್ಳು ಹೇಳುವುದರಲ್ಲಿ ಅವಳದು ಪಳಗಿದ ಕೈ.

"ಒಳ್ಳೇದಾಯ್ತು ಬಿಡಿ. ಈ ಪುಟ ಓದಿ ಮುಗಿಸಿ. ನಾನೂ ಕೇಳ್ತೀನಿ."

ಎಂದೂ ನಿಲ್ಲದ ಮೇಡಂ ಅಂದು ಬಾಗಿಲಿಗೊರಗಿ ನಿಂತರು. ಓದಕ್ಕ ಪುಸ್ತಕ ತೆಗೆದುಕೊಂಡಳು. ಇನ್ನು ತಪ್ಪಿಸಿಕೊಳ್ಳಲು ಎಡವೂ ಇಲ್ಲ, ಬಲವೂ ಇಲ್ಲ. ಅಚ್ಚಾಗಿದ್ದುದನ್ನು ಅಚ್ಚಾಗಿದ್ದಂತೆ ಓದಿದಳು. ಬಾಗಿಲುಗಳು ತೆರೆದವು, ಕೀಲಿಗಳು ಸಮುದ್ರಕ್ಕೆ ಬಿದ್ದವು, ಮಳೆ ಬಂತು. ಅಡುಗೆಮನೆಯ ಮೇಜಿನ ಮುಂದೆ ಸಿಟ್ಟು ತರಿಸಿದ ಸಾಲುಗಳು ಈಗ ಬಾಯಲ್ಲಿ ಬಂದಾಗ ಬೇರೆಯಾಗಿ ಕೇಳಿಸಿದವು. ಆ ಹೆಂಗಸು ಸೋತು ಎಸೆದದ್ದಲ್ಲ, ಕಾದು ಕಾದು ದಣಿದು ಎಸೆದದ್ದು. ಬಚ್ಚಿಡುವುದರಲ್ಲಿ ಅವಳ ಆಯುಷ್ಯವೇ ತೀರಿತ್ತು. 'ಅವಳ ಕೈ ಈಗ ಖಾಲಿಯಾಗಿತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ.' ಓದಕ್ಕ ಪುಸ್ತಕ ಮುಚ್ಚಿದಳು. ಯಾರೋ ಮೂಗೆಳೆದುಕೊಂಡರು.

ಮೇಡಂ ಮರದ ತಲೆಯನ್ನು ಅವಳ ಮುಂದಿಟ್ಟು ಕೊಕ್ಕೆಸೂಜಿ ಕೊಟ್ಟರು. ಅವಳು ತೆಗೆದುಕೊಂಡಳು. ಕೂದಲು ಸಿಕ್ಕಿಸುವ ಮೊದಲೇ ಸೂಜಿಯ ತುದಿ ಮರಕ್ಕೆ ತಾಗಿ ಟಕಟಕ ಟಕಟಕ ಎಂದು ಬಡಿಯತೊಡಗಿತು. ನಿಲ್ಲಿಸಲು ಎಡಗೈಯಿಂದ ಬಲಗೈಯನ್ನು ಹಿಡಿದಳು. ನಿಲ್ಲಲಿಲ್ಲ. ಯಾರೂ ಕಣ್ಣೆತ್ತದ ಆ ಕೋಣೆಯಲ್ಲಿ ಎಲ್ಲರೂ ಕಣ್ಣೆತ್ತಿದರು.

"ನನ್ನ ಕೈಲಿ ಆಗಲ್ಲ ಮೇಡಂ," ಎಂದಳು. "ಈ ಕೈ ಹೋಗಿದೆ."

"ಯಾವಾಗಿಂದ?"

"ಮೂರನೇ ಸಂಪುಟದಿಂದ."

ಮೇಡಂಗೆ ಆ ಲೆಕ್ಕ ಅರ್ಥವಾಗಲಿಲ್ಲ, ಕೋಣೆಯಲ್ಲಿದ್ದ ಉಳಿದವರಿಗೆ ಆಯಿತು. ದೊಡ್ಡಮ್ಮನ ಮುಖ ಕಪ್ಪಿಟ್ಟಿತು. ಆರು ಸಂಪುಟ ಪಕ್ಕದಲ್ಲೇ ಕೂತವಳು ಒಂದು ಮಾತು ಹೇಳಲಿಲ್ಲವಲ್ಲ ಎಂಬ ಸಿಟ್ಟು ಅದು.

"ಹಾಗಾದ್ರೆ ನಿಮಗೆ ಇಲ್ಲಿ..." ಎಂದು ಶುರುಮಾಡಿದ ಮೇಡಂ ಮಾತನ್ನು ಅಲ್ಲಿಗೇ ಬಿಟ್ಟು, ಸ್ಪೀಕರನ್ನು ಕಪಾಟಿನ ಮೇಲಿಟ್ಟು ಗುಂಡಿ ಒತ್ತಿದರು. ಒಂದು ನಯವಾದ ದನಿ ಯಾವುದೋ ರಾಜಕುಮಾರನ ಕಥೆ ಶುರುಮಾಡಿತು. ಉಸಿರು ತೆಗೆದುಕೊಳ್ಳದ ದನಿ. ಯಾರಿಗೋ ಕೆಮ್ಮು ಬಂತು, ದನಿ ನಿಲ್ಲಲಿಲ್ಲ. ಯಾರದೋ ಕತ್ತರಿ ನೆಲಕ್ಕೆ ಬಿತ್ತು, ಆಗಲೂ ನಿಲ್ಲಲಿಲ್ಲ. ಓದಕ್ಕ ಎದ್ದು ತನ್ನ ಚೀಲ ಹುಡುಕಿದಳು. ಊಟದ ಡಬ್ಬಿಯ ಮುಚ್ಚಳ ಸರಿಯಾಗಿ ಕೂರಲಿಲ್ಲ, ಅದನ್ನೇ ಒತ್ತುತ್ತ ನಿಂತಳು.

"ಅದನ್ನ ನಿಲ್ಸಿ ಮೇಡಂ," ಎಂದರು ದೊಡ್ಡಮ್ಮ. "ಅಡುಗೆಯವನು ನೆಲಮಾಳಿಗೆಯಲ್ಲಿದ್ದಾನೆ."

"ಯಾವ ಅಡುಗೆಯವನು?"

"ನೀರು ಏರ್ತಾ ಇದೆ. ಬಾಗಿಲಿಗೆ ಬೀಗ."

"ಈಗ ತಾನೇ ಮುಗೀತಲ್ಲ ಪುಸ್ತಕ?"

"ಪುಸ್ತಕ ಸೋಮವಾರವೇ ನಿಂತಿತ್ತು ಮೇಡಂ, ಆಮೇಲಿನದೆಲ್ಲ ಅಕ್ಕನದೇ," ಎಂದಳು ಮೆಣಸಿನಕಾಯಿ. "ನಾಲಿಗೆ ಇಲ್ಲದವನು ಮೂಗಿನಲ್ಲಿ ಹಾಡೋದು ಯಾವ ಪುಸ್ತಕದಲ್ಲಿ ಇರುತ್ತೆ? ಕೈ ವಿಷಯ ಮಾತ್ರ ನಮಗೆ ಗೊತ್ತಿರ್ಲಿಲ್ಲ. ಕಥೆ ಬಿಟ್ಟುಕೊಡೋಕೆ ಅಕ್ಕನಿಗೆ ಮನಸ್ಸಿಲ್ಲ, ನಮ್ಮ ಹಾಗೇ ಅಂದ್ಕೊಂಡಿದ್ವಿ."

ದೊಡ್ಡಮ್ಮ ಮೇಡಂ ಕಡೆ ತಿರುಗಿದರು. "ಓದಿನ ಪಾಲು ಕಟ್ಟೋರು ನಾವು. ಆರ್ಡರಿನಲ್ಲಿ ಒಂದು ಸಾಲು ಕಡಿಮೆ ಬಿದ್ರೆ ಆಗ ಬಂದು ನನ್ನ ಕೇಳಿ." ಆಮೇಲೆ ಓದಕ್ಕನ ಕಡೆಗೆ, ಇನ್ನೂ ಆರದ ಸಿಟ್ಟಿನಲ್ಲೇ: "ನೀನು ಆ ಡಬ್ಬಿ ಕೆಳಗಿಡು. ನಿನ್ನ ಹತ್ರ ಆಮೇಲೆ ಮಾತಾಡ್ತೀನಿ."

ಮೇಡಂ ಸ್ಪೀಕರ್ ನಿಲ್ಲಿಸಿದರು. ಕೋಣೆಯನ್ನೆಲ್ಲ ಒಮ್ಮೆ ನೋಡಿದರು. "ಈ ಆರ್ಡರ್ ಮುಗಿಯೋವರೆಗೆ," ಎಂದರು. "ಆಮೇಲೆ ನೋಡೋಣ." ಹೋಗುವಾಗ ಸ್ಪೀಕರನ್ನು ಕಪಾಟಿನ ಮೇಲೇ ಬಿಟ್ಟುಹೋದರು. ಅದು ಅಲ್ಲಿಂದ ಇವಳನ್ನೇ ನೋಡುತ್ತಿದ್ದಂತಿತ್ತು.

ಓದಕ್ಕ ತನ್ನ ಕುರ್ಚಿಯಲ್ಲಿ ಕೂತಳು. ಕೊನೆಯ ಸಂಪುಟ ಕಪಾಟಿಗೆ ಹೋಗಿತ್ತು. ಕೈಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಮುಖ ಮರೆಸಿಕೊಳ್ಳಲು ಪುಟವಿಲ್ಲ, ಮಗುಚಲು ಹಾಳೆಯಿಲ್ಲ. ಆ ಬೀಗವನ್ನು ಹೇಗೆ ತೆಗೆಸುವುದು ಎಂಬುದು ಅವಳಿಗೆ ಈ ಗಳಿಗೆಯವರೆಗೂ ಹೊಳೆದಿರಲಿಲ್ಲ. ಆರ್ಡರ್ ಮುಗಿಯುವವರೆಗೆ ಎಂದರೆ ಎಲ್ಲಿಯವರೆಗೆ, ಅದೂ ಗೊತ್ತಿರಲಿಲ್ಲ. ಮರದ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಎರಡೂ ಕೈಗಳನ್ನು ಅದರ ಮೇಲಿಟ್ಟಳು.

"ಹೇಳು," ಎಂದರು ದೊಡ್ಡಮ್ಮ.

ಅವಳು ಹೇಳತೊಡಗಿದಳು. ಬಲಗೈ ಎಲ್ಲರ ಎದುರಿಗೇ ನಡುಗುತ್ತಿತ್ತು. ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಬಲೆಯ ಮೇಲಿತ್ತು.